ಮನೆಯಲ್ಲೇ ಕುಳಿತು ಕಮಿಷನ್ ಗಳಿಕೆ: ನಂಬತಕ್ಕ ಕಂಪನಿಯನ್ನು ಗುರುತಿಸುವುದು ಹೇಗೆ?



ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ಬೆಳಗಿನ ಗಾಡಿಗೆ ಕಾದು ನಿಂತವರನ್ನು ನೋಡಿದರೆ ಈ ಸೀಮೆಯ ಬದುಕು ಎಷ್ಟು ಬದಲಾಗಿದೆಯೆಂಬುದು ತಿಳಿಯುತ್ತದೆ. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಎಷ್ಟೋ ಈಗ ನಿವೇಶನಗಳಾಗಿವೆ. ದುಡಿಯುವವರು ಯಶವಂತಪುರಕ್ಕೋ ಪೀಣ್ಯಕ್ಕೋ ಹೊರಡುತ್ತಾರೆ. ಎಳೆಯ ಮಕ್ಕಳಿರುವ ಮನೆಯಲ್ಲಿ ತಾಯಿ, ಕೆಲವು ಮನೆಗಳಲ್ಲಿ ತಂದೆ, ಮನೆ ಕಾಯಬೇಕಾಗುತ್ತದೆ. ಇಂಥವರು ಹಿಂದೆ ಊದುಬತ್ತಿ ಹೊಸೆದು ನಾಲ್ಕು ಕಾಸು ಕಾಣುತ್ತಿದ್ದರು. ಈಗ ಕೈಯಲ್ಲಿ ಫೋನು ಇದೆ. ಫೋನಿನಲ್ಲಿ ದಿನಕ್ಕೊಂದು ಸಂದೇಶ ಬರುತ್ತದೆ: ಮಗು ಮಲಗಿದ ಹೊತ್ತಿನಲ್ಲಿ ಎರಡು ತಾಸು ಕೆಲಸ ಮಾಡಿರಿ, ತಿಂಗಳಿಗೆ ಮೂವತ್ತು ಸಾವಿರ ಸಂಪಾದಿಸಿರಿ!

ಇದರಲ್ಲಿ ನಿಜವೆಷ್ಟು? ಒಂದಿಷ್ಟು ಇದೆ. ಆ ಒಂದಿಷ್ಟು ನಿಜವನ್ನು ಆಚೆಗಿನ ಸುಳ್ಳಿನಿಂದ ಬೇರ್ಪಡಿಸುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಕೆಲಸದ ಸ್ವರೂಪ. ಇದಕ್ಕೆ ಅಫಿಲಿಯೇಟ್ ಮಾರಾಟವೆಂದು ಹೆಸರು. ಹೆಸರು ಹೊಸದು, ಕಸುಬು ಹಳೆಯದು. ಇದು ದಲ್ಲಾಳಿಯ ಕೆಲಸ. ಕಂಪನಿಯು ನಿಮಗೊಂದು ಲಿಂಕು ಕೊಡುತ್ತದೆ. ಆ ಲಿಂಕಿನೊಳಗೆ ನಿಮ್ಮ ಗುರುತಿನ ಸಂಖ್ಯೆ ಅಡಗಿರುತ್ತದೆ. ನೀವು ಒಂದು ಕುಕ್ಕರಿನ ಗುಣವನ್ನು ತಿಳಿಸಿ, ಆ ಲಿಂಕನ್ನು ಎಲ್ಲರೂ ಕಾಣುವಂತೆ ಹಾಕುತ್ತೀರಿ. ಯಾರಾದರೂ ಅದನ್ನು ಒತ್ತಿ ಕುಕ್ಕರು ಕೊಂಡರೆ ನಿಮ್ಮ ಲೆಕ್ಕಕ್ಕೆ ಕಮಿಷನ್ ಬೀಳುತ್ತದೆ. ಸಾಮಾನು ಕೊಳ್ಳಲು ನೀವು ಬಂಡವಾಳ ಹಾಕುವುದಿಲ್ಲ, ಮನೆಯಲ್ಲಿ ದಾಸ್ತಾನು ಇಡುವುದಿಲ್ಲ. ಅಮೆಜಾನ್ ಕಂಪನಿಯು 1996ರಿಂದಲೇ ಈ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಮೀಶೋ ಇದರ ಹತ್ತಿರದ ಇನ್ನೊಂದು ಪದ್ಧತಿಯಿಂದ ಹೆಸರಾಯಿತು. ಮನೆಯಲ್ಲಿರುವ ಹೆಂಗಸರು ಸೀರೆ, ಕುರ್ತಿಗಳ ಚಿತ್ರವನ್ನು ವಾಟ್ಸಾಪಿನಲ್ಲಿ ನೆಂಟರಿಷ್ಟರಿಗೆ ಕಳಿಸಿ, ಬೆಲೆಯ ಮೇಲೆ ತಮ್ಮ ಲಾಭವನ್ನು ಸೇರಿಸಿ ಮಾರುತ್ತಿದ್ದರು.

ಈಗ ಗಳಿಕೆಯ ಲೆಕ್ಕ. 1,000 ರೂಪಾಯಿಯ ಕುಕ್ಕರಿಗೆ ನೂರಕ್ಕೆ ನಾಲ್ಕರಂತೆ ಕಮಿಷನ್ ಎಂದಿಟ್ಟುಕೊಳ್ಳಿರಿ. ಒಂದು ಕುಕ್ಕರಿಗೆ 40 ರೂ. ನಿಮ್ಮ ಲಿಂಕನ್ನು ನೂರು ಜನ ಒತ್ತಿ ಮೂವರು ಕೊಂಡರು, ಒಬ್ಬರು ಹಿಂದಿರುಗಿಸಿದರು ಅನ್ನೋಣ. ಹಿಂದಿರುಗಿಸಿದ ಸಾಮಾನಿಗೆ ಕಮಿಷನ್ ಇಲ್ಲ. ಕೈಗೆ ಬಂದುದು 80 ರೂ. ತಿಂಗಳಿಗೆ 4,000 ರೂ. ಬೇಕಾದರೆ ನೂರು ಕುಕ್ಕರು ಮಾರಾಟವಾಗಿ ಮನೆಗಳಲ್ಲಿ ಉಳಿಯಬೇಕು. ಚಿಕ್ಕಬಾಣಾವರದಲ್ಲಿ ತಿಂಗಳಿಗೆ ನೂರು ಕುಕ್ಕರು ಯಾರಿಗೆ ಬೇಕು? ಮೂವತ್ತು ಸಾವಿರದ ಮಾತನ್ನು ನೀವೇ ತೂಗಿ ನೋಡಿರಿ. ಸಾವಿರಾರು ಜನ ನೋಡುವಂತೆ ಅಡಿಗೆಯನ್ನೋ ಹೊಲಿಗೆಯನ್ನೋ ತೋಟಗಾರಿಕೆಯನ್ನೋ ಕುರಿತು ವರ್ಷಗಟ್ಟಲೆ ಚಿತ್ರ ತೆಗೆದು ತೋರಿಸಿದವರು ಹೆಚ್ಚು ಗಳಿಸಿರುವುದುಂಟು. ಅದು ಎರಡು ತಾಸಿನ ಕೆಲಸವಲ್ಲ.

ಗಳಿಕೆ ಸಣ್ಣದೆಂಬ ಕಾರಣಕ್ಕೆ ಕೆಲಸ ಕೆಟ್ಟದ್ದಲ್ಲ. ಎರಡು ಎಮ್ಮೆ ಕಟ್ಟಿದವರೂ ಸಣ್ಣ ಗಳಿಕೆಯಿಂದಲೇ ಮನೆ ನಡೆಸಿದ್ದಾರೆ. ಕೆಡುಕು ಇರುವುದು ಬೇರೆಡೆ. ಈ ಸಣ್ಣ, ನಿಜವಾದ ಕಸುಬಿನ ಹೆಸರು ಹೇಳಿಕೊಂಡು ಬರುವ ದೊಡ್ಡ ಸುಳ್ಳುಗಳಲ್ಲಿ ಅದು ಇದೆ.

ನಮ್ಮ ಕಡೆ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಆ ತಾಯಿಯ ಹೆಸರಾಗಲಿ, ಆ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಎರಡು ವರ್ಷದ ಮಗುವಿದ್ದ ಮನೆ. "ಸೇರ್ಪಡೆ ಕಿಟ್ಟು" ಎಂದು 3,500 ರೂ. ಕೇಳಿದರು. ಆಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲವೆತ್ತಿ ಕೊಟ್ಟರು. ಕಿಟ್ಟಿನಲ್ಲಿ ಬಂದುದು ಎರಡು ಡಬ್ಬಿ ಪುಡಿ ಮತ್ತು ಒಂದು ಪುಸ್ತಕ. ಪುಡಿಯನ್ನು ಕೊಳ್ಳುವವರು ಸಿಗಲಿಲ್ಲ. ಆಗ ಮೇಲಿನವರು ಹೇಳಿದರು, ಮಾರುವ ಚಿಂತೆ ಬಿಡಿ, ಮೂವರನ್ನು ಸೇರಿಸಿರಿ, ನಿಮ್ಮ ಹಣ ತಾನಾಗಿ ಬರುತ್ತದೆ ಎಂದು. ಆಕೆ ನಾದಿನಿಯನ್ನೂ ಅಕ್ಕಪಕ್ಕದ ಮನೆಯ ಇಬ್ಬರನ್ನೂ ಸೇರಿಸಿದರು. ಆಕೆಗೆ 900 ರೂ. ಬಂತು. ಆ ಮೂವರಿಗೆ ಏನೂ ಬರಲಿಲ್ಲ. ಸಂಘದ ಸಾಲವನ್ನು ಹಾಲಿನ ಹಣದಿಂದ ಹತ್ತು ತಿಂಗಳಲ್ಲಿ ತೀರಿಸಿದರು. ನಾದಿನಿ ಮಾತ್ರ ಇಂದಿಗೂ ಹಬ್ಬಕ್ಕೆ ಆ ಮನೆಗೆ ಬರುತ್ತಿಲ್ಲ.

ಆದ್ದರಿಂದ ಕಂಪನಿಯನ್ನು ಪರೀಕ್ಷಿಸುವಾಗ ಎಲ್ಲಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಇದು: ನನಗೆ ಕೊಡುವ ಹಣ ಎಲ್ಲಿಂದ ಬರುತ್ತದೆ? ಸಾಮಾನು ಕೊಂಡ ಗಿರಾಕಿಯ ಹಣದಿಂದ ಬರುವುದಾದರೆ ಅದು ವ್ಯಾಪಾರ. ನನ್ನ ನಂತರ ಸೇರುವವರ ಶುಲ್ಕದಿಂದ ಬರುವುದಾದರೆ ಅದು ವ್ಯಾಪಾರವಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿಗೆ ಕಮಿಷನ್ ಕೊಡಬೇಕಾದವನು ಮಾಲು ಕೊಂಡವನು. ಬಿಳಿ ಚೀಟಿ ಬರೆದು ರೈತನ ತಲೆಗೆ ಕಮಿಷನ್ ಕಟ್ಟುವುದು ಕಾನೂನಿಗೆ ವಿರುದ್ಧವೆಂದು ನಿಮಗೆ ಗೊತ್ತು. ದುಡಿಯುವವನ ಕೈಯಿಂದಲೇ ಮೊದಲು ಹಣ ಕೀಳುವ ಕಂಪನಿಯನ್ನು ಅದೇ ಕಣ್ಣಿನಿಂದ ನೋಡಿರಿ. ನಿಜವಾದ ಅಫಿಲಿಯೇಟ್ ಯೋಜನೆಗೆ ಸೇರಲು ಶುಲ್ಕವಿಲ್ಲ. ಕಿಟ್ಟು, ತರಬೇತಿ, ಠೇವಣಿ, ಸದಸ್ಯತ್ವ ಎಂಬ ಯಾವ ಹೆಸರಿನಲ್ಲಿ ಕೇಳಿದರೂ ಅದು ಶುಲ್ಕವೇ.

ಜನರನ್ನು ಸೇರಿಸುತ್ತ ಹೋಗುವ ಯೋಜನೆ ಏಕೆ ಮುರಿದು ಬೀಳಲೇಬೇಕು ಎಂಬುದನ್ನು ಗುಣಾಕಾರದಿಂದ ತಿಳಿಯಬಹುದು. ಒಬ್ಬನು ಆರು ಜನರನ್ನು ಸೇರಿಸಬೇಕು, ಆ ಆರು ಜನ ತಲಾ ಆರು ಜನರನ್ನು ಸೇರಿಸಬೇಕು. ಮೊದಲ ಮೆಟ್ಟಿಲಲ್ಲಿ 6, ಎರಡನೆಯದರಲ್ಲಿ 36, ಮೂರನೆಯದರಲ್ಲಿ 216. ಆರನೆಯ ಮೆಟ್ಟಿಲಿಗೆ 46,656. ಹತ್ತನೆಯ ಮೆಟ್ಟಿಲಿಗೆ 6 ಕೋಟಿ 4 ಲಕ್ಷ ಮೀರುತ್ತದೆ. 2011ರ ಜನಗಣತಿಯಲ್ಲಿ ತೊಟ್ಟಿಲ ಕೂಸುಗಳನ್ನೂ ಸೇರಿಸಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಕೊನೆಯ ಮೆಟ್ಟಿಲಿನವರು ಯಾರನ್ನು ಸೇರಿಸಬೇಕು? ಇಂಥ ಹಣ ಸುತ್ತಿಸುವ ಯೋಜನೆಗಳನ್ನು 1978ರಷ್ಟು ಹಿಂದೆಯೇ ಕಾನೂನು ನಿಷೇಧಿಸಿತು. ನೇರ ಮಾರಾಟದ ಕಂಪನಿಗಳಿಗೆಂದು 2021ರ ಡಿಸೆಂಬರಿನಲ್ಲಿ ಹೊರಟ ನಿಯಮಗಳೂ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಆದರೂ ಹೆಸರು ಬದಲಿಸಿಕೊಂಡು ಅವು ಬರುತ್ತಲೇ ಇವೆ. 2011ರಲ್ಲಿ ಸ್ಪೀಕ್ ಏಷ್ಯಾ ಎಂಬ ಸಂಸ್ಥೆಯ ವಿಷಯ ದೇಶದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. 11,000 ರೂ. ಕಟ್ಟಿರಿ, ಮನೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬಿರಿ, ಹಣ ಪಡೆಯಿರಿ ಎಂಬುದು ಅದರ ಮಾತು. ಸಾವಿರಾರು ಜನ ಕಟ್ಟಿದರು, ಕೊಡುವುದು ನಿಂತಿತು, ಪೋಲೀಸರು ಬಂದರು.

ಎರಡನೆಯದು ಕಂಪನಿಯ ದಾಖಲೆ. ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಕಂಪನಿಯು ಯಾವಾಗ ನೋಂದಣಿಯಾಯಿತು, ಕಛೇರಿ ಎಲ್ಲಿದೆ, ಈಗಲೂ ಜೀವಂತವಾಗಿದೆಯೆ ಎಂಬುದು ತಿಳಿಯುತ್ತದೆ. ಕಂಪನಿಯ ಗುರುತಿನ ಸಂಖ್ಯೆಯಲ್ಲಿ 21 ಅಕ್ಷರ ಮತ್ತು ಅಂಕಿಗಳಿರುತ್ತವೆ. ಅದರೊಳಗೇ ರಾಜ್ಯದ ಗುರುತೂ ನೋಂದಣಿಯ ವರ್ಷವೂ ಇರುತ್ತದೆ. ಹತ್ತು ವರ್ಷದ ಕಂಪನಿಯೆಂದು ಹೇಳಿಕೊಳ್ಳುವವರ ಸಂಖ್ಯೆಯಲ್ಲಿ ಕಳೆದ ವರ್ಷದ ಇಸವಿ ಇದ್ದರೆ ನೀವು ಮುಂದಿನ ಮಾತು ಆಡಬೇಕಾಗಿಲ್ಲ. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಮೊದಲಾಗುತ್ತದೆ, ಇದೂ ನೆನಪಿರಲಿ. ಓದಲು ತೊಡಕಾದರೆ ಮನೆಯ ಕಾಲೇಜು ಹುಡುಗರಿಗೆ ಹೇಳಿರಿ. ರೀಲುಗಳನ್ನು ನೋಡುವ ಸಮಯದಲ್ಲಿ ಹತ್ತು ನಿಮಿಷ ಇದಕ್ಕೆ ಸಾಕು.

ಆದರೆ ನೋಂದಣಿಯೊಂದನ್ನೇ ನಂಬಬೇಡಿರಿ. ಅದು ಜನನದ ಪ್ರಮಾಣಪತ್ರ, ನಡತೆಯ ಪ್ರಮಾಣಪತ್ರವಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಎಲ್ಲರೂ ಕಾಣುವಂತೆ ಕಛೇರಿ ತೆರೆದು ವ್ಯವಹಾರ ನಡೆಸಿದ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಹಣವಿಟ್ಟ ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಅದು ಅಫಿಲಿಯೇಟ್ ಕಂಪನಿಯಲ್ಲ, ಹಣ ಹೂಡಿಕೆಯ ಸಂಸ್ಥೆ. ಕಛೇರಿಯ ನಾಮಫಲಕವನ್ನು ಕಂಡು ಮೋಸಹೋಗುವ ಬಗೆ ಮಾತ್ರ ಒಂದೇ.

ಮೂರನೆಯದಕ್ಕೆ ಹಾಲಿನ ಡೈರಿಯೇ ನಿಮ್ಮ ಅಳತೆಗೋಲು. ಬೆಳಗ್ಗೆ ಹಾಲು ಹಾಕುತ್ತೀರಿ. ಲೀಟರು ಎಷ್ಟು, ಕೊಬ್ಬಿನಂಶ ಎಷ್ಟು, ದರ ಎಷ್ಟು ಎಂಬ ಚೀಟಿ ಸಿಗುತ್ತದೆ. ಬಟವಾಡೆಯ ದಿನ ಗೊತ್ತಿದೆ, ಹಣ ಖಾತೆಗೆ ಬರುತ್ತದೆ. ತಕರಾರಿದ್ದರೆ ಕಾರ್ಯದರ್ಶಿ ಎದುರಿಗಿದ್ದಾನೆ. ಕಮಿಷನ್ ಕೊಡುವ ಕಂಪನಿಯೂ ಹೀಗೆಯೇ ತೋರಿಸಬೇಕು: ಎಷ್ಟು ಜನ ಲಿಂಕು ಒತ್ತಿದರು, ಎಷ್ಟು ಮಾರಾಟವಾಯಿತು, ಎಷ್ಟು ಹಿಂದಿರುಗಿತು, ಯಾವ ಸಾಮಾನಿಗೆ ಎಷ್ಟು ದರ. ಹಣ ಕೊಡುವ ದಿನ ಕರಾರಿನಲ್ಲಿ ಬರೆದಿರಬೇಕು. ತಡವಾಗುವುದೇ ಮೋಸವಲ್ಲ. ಅಮೆಜಾನ್‌ನ ಪದ್ಧತಿಯಲ್ಲಿ ಒಂದು ತಿಂಗಳ ಕಮಿಷನ್ ಆ ತಿಂಗಳು ಮುಗಿದ ಸುಮಾರು 60 ದಿನಗಳ ಮೇಲೆ ಬರುತ್ತದೆ. ಸಾಮಾನು ಹಿಂದಿರುಗುವ ಅವಧಿ ಕಳೆಯಬೇಕಲ್ಲ! ಲಿಂಕು ಒತ್ತಿದವನು 24 ಗಂಟೆಯೊಳಗೆ ಸಾಮಾನನ್ನು ಬುಟ್ಟಿಗೆ ಹಾಕದಿದ್ದರೆ ನಿಮ್ಮ ಗುರುತು ಅಳಿಯುತ್ತದೆ. ಸ್ವಂತ ಲಿಂಕಿನಿಂದ ನೀವೇ ಕೊಂಡರೆ ಕಮಿಷನ್ ಇಲ್ಲ. ಕೆಲವು ಕಂಪನಿಗಳು ಖಾಸಗಿ ಸಂದೇಶದಲ್ಲಿ ಲಿಂಕು ಕಳಿಸುವುದನ್ನೇ ಒಪ್ಪುವುದಿಲ್ಲ. ಕಳಿಸಿದರೆ ಗಳಿಸಿದ್ದನ್ನೂ ತಡೆಹಿಡಿಯುತ್ತವೆ. ಆದ್ದರಿಂದ ಕರಾರು ಓದದೆ "ಒಪ್ಪಿದೆ" ಎಂದು ಒತ್ತಬೇಡಿರಿ. ಬೇಸರದ ಓದು ನಿಜ. ಗುತ್ತಿಗೆಯ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ ನಮ್ಮ ಹಿರಿಯರು ಏನು ಕಳೆದುಕೊಂಡರೆಂಬುದನ್ನು ನಾವು ಮರೆತಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಗುರುತು ಬಹಳ ಉಪಯುಕ್ತವಾದುದು. ವರ್ಷಕ್ಕೆ ಒಂದು ಕಂಪನಿಯಿಂದ ಬರುವ ಕಮಿಷನ್ 20,000 ರೂ. ಮೀರಿದರೆ ಕಂಪನಿಯು ನೂರಕ್ಕೆ 2ರಂತೆ ತೆರಿಗೆಯನ್ನು ಹಿಡಿದುಕೊಂಡು ಉಳಿದುದನ್ನು ಕೊಡಬೇಕು. ಈ ಮಿತಿ 2025ರ ಏಪ್ರಿಲ್ 1ರಿಂದ ಬಂದುದು. ಹಿಡಿದ ಹಣ ನಿಮ್ಮ ಪ್ಯಾನ್ ಸಂಖ್ಯೆಯ ಲೆಕ್ಕದಲ್ಲಿ ಕಾಣುತ್ತದೆ. ಅಂದರೆ ಪ್ರಾಮಾಣಿಕ ಕಂಪನಿ ತೆರಿಗೆಯನ್ನು ಕೊಡುವ ಹಣದಲ್ಲಿ ಮುರಿದುಕೊಳ್ಳುತ್ತದೆ. "ನಿಮ್ಮ ಖಾತೆಯಲ್ಲಿ ಎಂಬತ್ತು ಸಾವಿರ ಜಮೆಯಾಗಿದೆ, ತೆರಿಗೆಯೆಂದು ಎಂಟು ಸಾವಿರ ಕಟ್ಟಿದರೆ ಬಿಡುಗಡೆ ಮಾಡುತ್ತೇವೆ" ಎಂದವನು ಕಳ್ಳ. ಇದರಲ್ಲಿ ಎರಡನೆಯ ಮಾತಿಲ್ಲ.

ಟೆಲಿಗ್ರಾಮಿನಲ್ಲಿ ಬರುವ "ಟಾಸ್ಕ್" ಮೋಸವೂ ಇದೇ ಜಾತಿಯದು. ವಿಡಿಯೋಗೆ ಮೆಚ್ಚುಗೆ ಒತ್ತಿದರೆ 50 ರೂ. ಎನ್ನುತ್ತಾರೆ, ಮೊದಲ ದಿನ ನಿಜವಾಗಿಯೂ 150 ರೂ. ಕಳಿಸುತ್ತಾರೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಅದು. ಮೂರನೆಯ ದಿನ 5,000 ಹಾಕಿರಿ, 7,000 ಕೊಡುತ್ತೇವೆ ಎಂಬ ಮಾತು ಬರುತ್ತದೆ.

ಒಳ್ಳೆಯ ಕಂಪನಿ ಸಿಕ್ಕಿತೆಂದರೂ ಅದೊಂದನ್ನೇ ನೆಚ್ಚಿ ಕೂರುವುದು ಸರಿಯಲ್ಲ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಮೇಲಿನ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಮೀಶೋದಲ್ಲಿ ಗಿರಾಕಿಗಳು ನೇರವಾಗಿ ಕೊಳ್ಳತೊಡಗಿದ ಮೇಲೆ ಮಧ್ಯೆ ನಿಂತು ಮಾರುತ್ತಿದ್ದ ಹೆಂಗಸರ ಪಾಲು ಕುಗ್ಗಿತು. ಇವು ಮೋಸವಲ್ಲ, ದರ ನಿರ್ಧರಿಸುವ ಕೈ ನಿಮ್ಮದಲ್ಲ ಅಷ್ಟೆ. ಟೊಮೇಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಕಡೆಯ ಪ್ರಾಮಾಣಿಕತೆ. ನೀವು ಬಳಸಿ ನೋಡದ ವಸ್ತುವನ್ನು ಹೊಗಳಬೇಡಿರಿ. ಕೊಂಡರೆ ನಿಮಗೆ ಕಮಿಷನ್ ಬರುತ್ತದೆಂಬುದನ್ನು ಮೊದಲೇ ತಿಳಿಸಿರಿ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯೂ ಇಂಥ ಸಂಬಂಧವನ್ನು ಮುಚ್ಚಿಡಬಾರದೆನ್ನುತ್ತದೆ. ನಿಮ್ಮ ಮಾತನ್ನು ನಂಬಿ ಕೊಂಡವರು ನಾಳೆ ಬಾವಿಯ ಬಳಿಯಲ್ಲೋ ಡೈರಿಯ ಸಾಲಿನಲ್ಲೋ ಎದುರಾಗುತ್ತಾರೆ. ಕಂಪನಿ ಮುಳುಗಿದರೆ ಬೇರೊಂದು ಕಂಪನಿ ಸಿಗುತ್ತದೆ, ನಾದಿನಿ ಸಿಗುವುದಿಲ್ಲ.

ಹೊಸದಾಗಿ ಹೊರಟವರು ಮೊದಲ ಮೂರು ತಿಂಗಳು ಪರೀಕ್ಷೆಯೆಂದು ತಿಳಿಯಿರಿ. ಒಂದೇ ಕಂಪನಿ, ನಿಮ್ಮ ಮನೆಯಲ್ಲಿ ನಿತ್ಯ ಬಳಸುವ ಮೂರು ನಾಲ್ಕು ಸಾಮಾನು. ಒಂದು ನೋಟುಬುಕ್ಕಿನಲ್ಲಿ ಎಷ್ಟು ತಾಸು ದುಡಿದಿರಿ, ಫೋನಿಗೆ ಎಷ್ಟು ಹಾಕಿಸಿದಿರಿ, ಎಷ್ಟು ಬಂತು ಎಂದು ಬರೆದಿಡಿರಿ. ಬ್ಯಾಂಕಿನಲ್ಲಿ ಇದಕ್ಕೆಂದೇ ಬೇರೆ ಉಳಿತಾಯ ಖಾತೆ ತೆರೆದು ಅದರ ಸಂಖ್ಯೆಯನ್ನೇ ಕಂಪನಿಗೆ ಕೊಡಿರಿ. ಹಾಲಿನ ಹಣ ಬರುವ ಖಾತೆಯನ್ನು ಕೊಡಬೇಡಿರಿ. ಒಟಿಪಿಯನ್ನೂ ಯುಪಿಐ ಪಿನ್ನನ್ನೂ ಯಾರಿಗೂ ಹೇಳಬೇಡಿರಿ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಒಮ್ಮೆ ಕಂಪನಿಗೆ ಒಂದು ಪ್ರಶ್ನೆ ಬರೆದು ಕಳಿಸಿರಿ, ಉತ್ತರ ಎಷ್ಟು ದಿನಕ್ಕೆ ಬಂತೆಂದು ಗುರುತು ಹಾಕಿಕೊಳ್ಳಿರಿ. ಮೊದಲ ಬಟವಾಡೆ ಖಾತೆಗೆ ಬಂದ ಮೇಲೆಯೇ ಅಕ್ಕಪಕ್ಕದವರಿಗೆ ಆ ಕಂಪನಿಯ ಹೆಸರು ಹೇಳಿರಿ.

ಹಣ ಹೋಯಿತೆಂದು ಗೊತ್ತಾದ ಕ್ಷಣವೇ 1930ಕ್ಕೆ ಫೋನು ಮಾಡಬೇಕು. ಮನೆಯವರು ಬೈದಾರೆಂದು ಸಂಜೆಯವರೆಗೆ ಮುಚ್ಚಿಟ್ಟರೆ ಹಣ ಇನ್ನೊಂದು ಖಾತೆಗೆ ದಾಟಿರುತ್ತದೆ. ಬೇಗ ತಿಳಿಸಿದರೆ ಬ್ಯಾಂಕಿನಲ್ಲೇ ತಡೆಯಲು ಸಾಧ್ಯವಿದೆ. ಹಣ ಕಳಿಸಿದ ದಿನ, ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ, ಎದುರಿನವರ ಫೋನು ಸಂಖ್ಯೆ ಇವಿಷ್ಟನ್ನು ಕೈಯಲ್ಲಿ ಇಟ್ಟುಕೊಂಡಿರಿ. ಸಂದೇಶಗಳನ್ನು ಅಳಿಸಬೇಡಿರಿ. ಕಳಪೆ ಸಾಮಾನು, ಮರಳಿ ಬಾರದ ಹಣ ಮುಂತಾದ ಗಿರಾಕಿಯ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.