ಸಮೀಪದ ಕಲಾಶಾಲೆಯಿಂದ ವಿಶ್ವವಿದ್ಯಾಲಯದವರೆಗೆ

ಚಿತ್ರಕಲೆಯಲ್ಲಿ ವಿಶೇಷ ಒಲವುಳ್ಳ ಒಬ್ಬಿಬ್ಬರು ವಿದ್ಯಾರ್ಥಿಗಳು ಪ್ರತಿ ವರ್ಷವೂ ನಮ್ಮ ಪ್ರೌಢಶಾಲೆಗಳಿಂದ ಹೊರಬೀಳುತ್ತಾರೆ. ಡ್ರಾಯಿಂಗ್ ಲೋವರ್ ಮತ್ತು ಹೈಯರ್ ಪರೀಕ್ಷೆಗಳಲ್ಲಿ ಅವರು ತೇರ್ಗಡೆ ಹೊಂದಿರುತ್ತಾರೆ. ಶಾಲೆಯ ಗೋಡೆಗಳ ಮೇಲೆ ಅವರ ಚಿತ್ರಗಳು ತೂಗಾಡುತ್ತಿರುತ್ತವೆ. ಆದರೆ ಮುಂದೇನು ಎಂಬ ಪ್ರಶ್ನೆ ಎದುರಾದಾಗ ಪಾಲಕರು ಚಿಂತೆಗೊಳಗಾಗುತ್ತಾರೆ. ಮೈಸೂರು, ಬೆಂಗಳೂರು, ಬಡೋದೆಗಳಿಗೆ ಮಕ್ಕಳನ್ನು ಕಳುಹಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹದಿನಾರು ವರ್ಷದ ಮಗಳನ್ನು ಅಷ್ಟು ದೂರ ಬಿಡಲು ಅನೇಕ ಮನೆಗಳಲ್ಲಿ ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಕುಂಚ ಕೆಳಗಿಳಿಯುತ್ತದೆ. ದೂರದ ಊರಿಗೆ ಹೋಗುವುದು, ಇಲ್ಲವೇ ಕಲೆಯನ್ನೇ ಬಿಡುವುದು, ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಕೆಲವು ವರ್ಷ ಊರ ಸಮೀಪದ ಸಂಸ್ಥೆಯಲ್ಲಿ ಕಲಿತು, ಅನಂತರ ವಿಶ್ವವಿದ್ಯಾಲಯಕ್ಕೆ ಹೋಗುವುದೇ ಆ ದಾರಿ. ಅದರ ಗುಣವನ್ನೂ ಅದರಲ್ಲಿರುವ ಅಪಾಯವನ್ನೂ ಇಲ್ಲಿ ವಿವೇಚಿಸಲಾಗಿದೆ.

ಈ ದಾರಿ ಹೊಸದೇನಲ್ಲ. 1956ರವರೆಗೆ ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಉನ್ನತ ಕಲಾಶಿಕ್ಷಣ ಬೇಕೆಂದವರು 1857ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಯತ್ತ ನೋಡುತ್ತಿದ್ದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಕಲಾಶಾಲೆಗಳನ್ನು ಸ್ಥಾಪಿಸಿದ ಮೇಲೆ ಈ ಸೀಮೆಯ ಮಕ್ಕಳಿಗೆ ಹತ್ತಿರದಲ್ಲಿಯೇ ಶಿಕ್ಷಣ ದೊರೆಯುವಂತಾಯಿತು.

ಇಂತಹ ಸಣ್ಣ ಶಾಲೆಗಳು ಎಂತಹ ಬುನಾದಿ ಹಾಕಬಲ್ಲವು ಎಂಬುದಕ್ಕೆ ನಿದರ್ಶನಗಳಿವೆ. ಬಾದಾಮಿಯಿಂದ ಬಂದ ಆರ್. ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿದರು. ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಅಲ್ಲಿ ಡಿಪ್ಲೊಮಾ ಪಡೆದು, ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಮುಂದಿನ ಅಧ್ಯಯನ ನಡೆಸಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಎಂ. ಎ. ಪದವಿ ಪಡೆದರು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರ ಕೃತಿ ಪ್ರದರ್ಶಿತವಾಯಿತು. ಮೈಸೂರಿನವರೇ ಆದ ಎನ್. ಎಸ್. ಹರ್ಷ ಅವರು ತಮ್ಮ ಊರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಪದವಿ ಮುಗಿಸಿ, 1995ರಲ್ಲಿ ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಮೊದಲ ಮೆಟ್ಟಿಲು ಸಮೀಪದಲ್ಲಿತ್ತೆಂಬ ಕಾರಣಕ್ಕೆ ಇವರಲ್ಲಿ ಯಾರ ಸಾಧನೆಯೂ ಕುಂದಲಿಲ್ಲ.

ಅಮೆರಿಕದಲ್ಲಿ ಈ ಕ್ರಮವು ಒಂದು ವ್ಯವಸ್ಥೆಯಾಗಿಯೇ ಬೆಳೆದಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಕಾಲೇಜು ಅಲ್ಲಿನ ಸಮುದಾಯ ಕಾಲೇಜುಗಳಿಗೆ ಮೊದಲ ಮಾದರಿ. ವಿದ್ಯಾರ್ಥಿಯು ಮನೆಯಲ್ಲಿಯೇ ಇದ್ದು, ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಕಲಿತು, ಗಳಿಸಿದ ಕ್ರೆಡಿಟ್‌ಗಳೊಡನೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಆದರೆ ಕಲಾಶಿಕ್ಷಣದಲ್ಲಿ ಒಂದು ತೊಡಕಿದೆ. ಇತಿಹಾಸ, ಗಣಿತಗಳ ಕ್ರೆಡಿಟ್ ಸುಲಭವಾಗಿ ಸಾಗುತ್ತದೆ. ರೇಖಾಚಿತ್ರ, ವರ್ಣಚಿತ್ರ, ಶಿಲ್ಪಗಳ ಅಭ್ಯಾಸಕ್ಕೆ ಮಾತ್ರ ವಿದ್ಯಾರ್ಥಿಯ ಕೃತಿಗಳನ್ನು ಪರೀಕ್ಷಿಸಿ ಸ್ಥಾನ ನಿರ್ಧರಿಸುವ ಪದ್ಧತಿ ಹಲವೆಡೆ ಇದೆ. ಕೃತಿಗಳು ದುರ್ಬಲವಾಗಿದ್ದರೆ ಕ್ರೆಡಿಟ್ ಇದ್ದರೂ ಒಂದು ವರ್ಷ ಹೆಚ್ಚು ಓದಬೇಕಾಗಬಹುದು.

ನಮ್ಮಲ್ಲಿಯ ತೊಡಕು ಬೇರೆ ಬಗೆಯದು. ದೃಶ್ಯಕಲೆಯ ಸ್ನಾತಕ ಪದವಿಯಾದ ಬಿ. ವಿ. ಎ. ನಾಲ್ಕು ವರ್ಷಗಳದು. ಮೊದಲು ಎಲ್ಲರಿಗೂ ಸಮಾನವಾದ ಬುನಾದಿ ಅಭ್ಯಾಸ, ಅನಂತರ ಚಿತ್ರಕಲೆ, ಶಿಲ್ಪ, ಅನ್ವಯಿಕ ಕಲೆ ಮುಂತಾದವುಗಳಲ್ಲಿ ವಿಶೇಷ ಅಧ್ಯಯನ. ಇದರ ಪ್ರವೇಶಕ್ಕೆ ಪಿ. ಯು. ಸಿ. ಅಥವಾ ಅದಕ್ಕೆ ಸಮಾನವಾದ ತೇರ್ಗಡೆ ಬೇಕು. ಎಸ್. ಎಸ್. ಎಲ್. ಸಿ. ಮುಗಿದೊಡನೆ ಪಿ. ಯು. ಸಿ.ಯನ್ನು ಕೈಬಿಟ್ಟು ಡಿಪ್ಲೊಮಾ ಶಾಲೆಗೆ ಸೇರಿದ ವಿದ್ಯಾರ್ಥಿಯು, ಕೈ ಎಷ್ಟೇ ಪಳಗಿದ್ದರೂ, ಪದವಿಯ ಬಾಗಿಲಲ್ಲಿ ನಿಲ್ಲಬೇಕಾದೀತು. ಪದವಿ ಇಲ್ಲದಿದ್ದರೆ ಸ್ನಾತಕೋತ್ತರಕ್ಕೂ ಕಾಲೇಜು ಅಧ್ಯಾಪಕ ವೃತ್ತಿಗೂ ಅಡ್ಡಿಯಾಗುತ್ತದೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಕ್ರೆಡಿಟ್‌ಗಳನ್ನು ಕೂಡಿಡುವ ವ್ಯವಸ್ಥೆಗೆ ನಿಯಮಗಳನ್ನು ರೂಪಿಸಿದೆ. ಆದರೆ ಅದರ ಪ್ರಯೋಜನ ಅದಕ್ಕೆ ಸೇರಿದ ಸಂಸ್ಥೆಗಳಲ್ಲಿ ಕಲಿತವರಿಗೆ ಮಾತ್ರ. ಆದ್ದರಿಂದ ಪಾಲಕರು ಸೇರ್ಪಡೆಗೆ ಮುನ್ನವೇ ಮೂರು ಸಂಗತಿಗಳನ್ನು ವಿಚಾರಿಸಬೇಕು: ಸಂಸ್ಥೆ ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿಗೆ ಸಂಯೋಜಿತವಾಗಿದೆ? ಅದರ ಪ್ರಮಾಣಪತ್ರ ಮುಂದಿನ ಯಾವ ಪ್ರವೇಶಕ್ಕೆ ಅರ್ಹತೆ ನೀಡುತ್ತದೆ? ನಡುವೆ ವರ್ಗಾವಣೆಗೆ ಅವಕಾಶವಿದೆಯೇ? ಉತ್ತರವನ್ನು ಲಿಖಿತವಾಗಿ, ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯದಿಂದಲೇ ಪಡೆಯುವುದು ಕ್ಷೇಮ.

ಪ್ರಮಾಣಪತ್ರದಷ್ಟೇ ಮುಖ್ಯವಾದುದು ಕೃತಿಗಳ ಸಂಚಯ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಸವಣೂರಿನ ಕಲ್ಮಠದ ಆವರಣದಲ್ಲಿಯ ದೊಡ್ಡ ಹುಣಸೆಮರಗಳ ಬೊಡ್ಡೆಯ ಉಬ್ಬುತಗ್ಗು ನೆಳಲು ಬೆಳಕಿನ ಅಭ್ಯಾಸಕ್ಕೆ ಒಳ್ಳೆಯ ಪಾಠ. ಬಂಕಾಪುರದ ನಗರೇಶ್ವರ ಗುಡಿಯ ಅರವತ್ತು ಕಂಬಗಳ ಸಾಲು ದೂರ ಸಮೀಪಗಳ ದೃಷ್ಟಿಕ್ರಮವನ್ನು ಕಲಿಸುತ್ತದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತು ಅಲಂಕರಣದ ಲೆಕ್ಕಾಚಾರವನ್ನು ತೋರಿಸುತ್ತದೆ. ವೀಳ್ಯದೆಲೆಯ ಪೆಂಡಿ ಕಟ್ಟುವ ಕೈಗಳು, ಸಂತೆಯಲ್ಲಿ ಕುಳಿತ ಮುದುಕಿ, ಇವೆಲ್ಲ ಮಾನವಾಕೃತಿಯ ಅಭ್ಯಾಸಕ್ಕೆ ವಸ್ತುಗಳು. ಪ್ರತಿದಿನ ಒಂದು ರೇಖಾಚಿತ್ರ, ಅದರ ಕೆಳಗೆ ದಿನಾಂಕ. ಹೀಗೆ ಎರಡು ವರ್ಷ ನಡೆದರೆ ಯಾವ ಪ್ರವೇಶ ಪರೀಕ್ಷೆಗೂ ಅಂಜಬೇಕಾಗಿಲ್ಲ. ಪಿ. ಯು. ಸಿ. ಓದುತ್ತಲೇ ಇದನ್ನು ಸಾಧಿಸಬಹುದು.

ಕೊನೆಯದಾಗಿ, ಕಲಿಕೆಯ ನಡುವೆ ಕಡಿತ ಬಾರದಂತೆ ನೋಡಿಕೊಳ್ಳುವವರು ಬೇಕು. ಈ ವಿಷಯದಲ್ಲಿ ನಮ್ಮ ನೆಲವೇ ನಮಗೆ ಮೇಲ್ಪಂಕ್ತಿ. ಕಾಡಶೆಟ್ಟಿಹಳ್ಳಿಯ ಅಂಧ ಬಾಲಕ ಗದಿಗೆಯ್ಯನಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಆಶ್ರಯವಿತ್ತು ಸಂಗೀತ ಶಿಕ್ಷಣದ ವ್ಯವಸ್ಥೆ ಮಾಡಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾಗಿ, ದೇವಗಿರಿಯ ಪುಟ್ಟರಾಜರಿಗೆ ಗುರುವಾದರು. ಚಿತ್ರಕಲೆಯ ವಿದ್ಯಾರ್ಥಿಗೆ ಬೇಕಾದುದು ಅಷ್ಟು ದೊಡ್ಡದೇನಲ್ಲ: ಕಾಗದ, ಬಣ್ಣ, ಬಸ್ಸಿನ ಪಾಸು, ಪ್ರವೇಶ ಪರೀಕ್ಷೆಯ ಪ್ರಯಾಣ ವೆಚ್ಚ, ವಿಶ್ವವಿದ್ಯಾಲಯದ ಮೊದಲ ವರ್ಷದ ವಸತಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ವರ್ಷಕ್ಕೆ ಒಬ್ಬರ ಹೊಣೆಯನ್ನಾದರೂ ವಹಿಸಿಕೊಂಡರೆ, ಶಿಕ್ಷಕರು ಸಕಾಲದಲ್ಲಿ ಸರಿಯಾದ ಸಲಹೆ ನೀಡಿದರೆ, ನಮ್ಮ ಶಾಲೆಯ ಗೋಡೆಯ ಮೇಲೆ ಮೂಡಿದ ಚಿತ್ರ ಅಲ್ಲಿಗೇ ನಿಲ್ಲದೆ ಮುಂದಕ್ಕೆ ಸಾಗೀತು.