ಬಯಲುನಾಡಿನಲ್ಲಿ ದಂಪತಿಯ ಒಂದು ದಿನ: ರಾಣೆಬೆನ್ನೂರಿನಿಂದ ಕಾಗಿನೆಲೆಗೆ

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಭೂಗೋಳಶಾಸ್ತ್ರವು ಸಾಮಾನ್ಯವಾಗಿ ಮರುಭೂಮಿ ಎನ್ನುವುದರಿಂದ, ಆ ಅರ್ಥದ ಮರುಭೂಮಿ ಕರ್ನಾಟಕದಲ್ಲಿಲ್ಲ. ಆದರೆ ಕುರುಚಲು, ಒಣಹುಲ್ಲು, ನೆರಳಿಲ್ಲದ ದಾರಿಗಳನ್ನು ಬಯಸಿ ಡೇರೆ ಕಟ್ಟಿಕೊಂಡು ಹೊರಡುವ ದಂಪತಿಗೆ ರಾಣೆಬೆನ್ನೂರು, ಬ್ಯಾಡಗಿ, ಕಾಗಿನೆಲೆಗಳ ಬಯಲು ಒಂದು ದಿನಕ್ಕೆ ಸಾಕಷ್ಟಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಇದಕ್ಕೆ ತಕ್ಕ ಕಾಲ. ಮಳೆಗಾಲದಲ್ಲಿ ಎರೆಮಣ್ಣು, ಅಂದರೆ ನೀರು ಕುಡಿದು ಉಬ್ಬಿ ಅಂಟಾಗುವ ಕಪ್ಪುಮಣ್ಣು, ಕಾರಿನ ಗಾಲಿ ಹಿಡಿದರೆ ಟ್ರ್ಯಾಕ್ಟರ್ ಬರುವವರೆಗೆ ಬಿಡುವುದಿಲ್ಲ.

ಮೊದಲು ಅನುಮತಿ. 1974ರಲ್ಲಿ ಘೋಷಣೆಯಾದ, ಸುಮಾರು 119 ಚ.ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ವನ್ಯಜೀವಿಧಾಮವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿರುವುದರಿಂದ, ಪ್ರವೇಶದ ವೇಳೆ ಮತ್ತು ಶುಲ್ಕವನ್ನು ಅರಣ್ಯ ಇಲಾಖೆಯಲ್ಲಿ ಹಿಂದಿನ ದಿನವೇ ವಿಚಾರಿಸಬೇಕು. ಅದರೊಳಗೆ ಡೇರೆ ಹಾಕುವ, ಒಲೆ ಹೂಡುವ ಯೋಚನೆಯನ್ನು ಮಾಡಲೇಬಾರದು. ಕುಡಿಯಲು ಮಾತ್ರವೇ ತಲೆಗೆ ನಾಲ್ಕು ಲೀಟರ್ ನೀರು, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಮಧ್ಯಾಹ್ನದ ಊಟಕ್ಕಾಗಿ ಅಲೆಯಬೇಕಿಲ್ಲ.

ಜನವರಿಯಲ್ಲಿ ಸೂರ್ಯೋದಯವು ಏಳು ಗಂಟೆಯ ಹೊತ್ತಿಗಾಗುವುದರಿಂದ, ಕೃಷ್ಣಮೃಗಗಳು ಬಯಲಿನಲ್ಲಿ ಮೇಯುವ ಆ ವೇಳೆಗೆ ವನ್ಯಜೀವಿಧಾಮವನ್ನು ತಲುಪಿರಬೇಕು. ಬೆನ್ನು ಕಪ್ಪಾಗಿ, ಕೊಂಬು ತಿರುಚಿಕೊಂಡಿರುವುದು ಗಂಡು. ಕಂದುಬಣ್ಣದ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ದೂರದ ಅಪಾಯವನ್ನು ಕಣ್ಣಿನಿಂದ ಕಂಡು ಓಡಿ ಉಳಿಯುವ ಈ ಪ್ರಾಣಿಗೆ ತೆರೆದ ಹುಲ್ಲುಗಾವಲೇ ಕೋಟೆಯಾಗಿರುವಾಗ, ಅಲ್ಲಿ ನೀಲಗಿರಿ ತೋಪುಗಳನ್ನು ಬೆಳೆಸಿದ್ದು ಹಸಿರೆಲ್ಲವೂ ಒಳಿತೆಂದು ಬಗೆದ ಕಾಲದ ತಪ್ಪೆಂದೇ ಹೇಳಬೇಕು. ಒಮ್ಮೆ ಇಲ್ಲಿದ್ದ ಎರೆಭೂತ ಹಕ್ಕಿಯನ್ನು ಈಗ ಕಾಣುವ ನಿರೀಕ್ಷೆ ಬೇಡ. ವಾಹನದಿಂದ ಇಳಿಯದೆ, ಹಾರ್ನ್ ಮಾಡದೆ, ಒಬ್ಬರು ಚಾಲನೆಯನ್ನೂ ಮತ್ತೊಬ್ಬರು ದುರ್ಬೀನನ್ನೂ ವಹಿಸಿಕೊಳ್ಳುವುದು ಲೇಸು.

ಬಿಸಿಲೇರುವ ಮುನ್ನ ಹೆದ್ದಾರಿ 48ರಲ್ಲಿ ಮೋಟೆಬೆನ್ನೂರಿಗೆ ಬಂದು ಬ್ಯಾಡಗಿಯತ್ತ ತಿರುಗಬೇಕು. ಸೋಮವಾರ ಅಥವಾ ಗುರುವಾರವಾದರೆ ಮೆಣಸಿನಕಾಯಿ ಮಾರುಕಟ್ಟೆ ತುಂಬಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ, ಎಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಪಡೆದ ಈ ಸುಕ್ಕುಗಟ್ಟಿದ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಉದ್ದನೆಯದು ಕಡ್ಡಿ, ಗಿಡ್ಡನೆಯದು ಡಬ್ಬಿ. ಕೊಂಡ ಚೀಲವನ್ನು ಡಿಕ್ಕಿಯಲ್ಲಿಟ್ಟರೂ ಕಿಟಕಿಯನ್ನು ತುಸು ತೆರೆದಿಡಬೇಕು, ಇಲ್ಲವಾದರೆ ಘಾಟು ಕಾಗಿನೆಲೆಯವರೆಗೂ ಕೆಮ್ಮಿಸುತ್ತದೆ.

ಕಾಗಿನೆಲೆಯಲ್ಲಿ ಆದಿಕೇಶವ ದೇವಾಲಯವನ್ನೂ ಕನಕದಾಸರ ಗದ್ದುಗೆಯನ್ನೂ ಸಂಜೆಯ ತಂಪಿನಲ್ಲಿ ನೋಡಬಹುದು. ‘ರಾಮಧಾನ್ಯ ಚರಿತೆ’ಯಲ್ಲಿ ಕನಕದಾಸರು ಭತ್ತದೆದುರು ಗೆಲ್ಲಿಸಿದ್ದು ಮಳೆ ಕೈಕೊಟ್ಟರೂ ತಾಳುವ ರಾಗಿಯನ್ನು ಎಂಬುದು ಇಡೀ ದಿನ ಒಣನೆಲದಲ್ಲಿ ಸುತ್ತಿದವರಿಗೆ ಬೇಗ ಮನದಟ್ಟಾಗುತ್ತದೆ.

ಡೇರೆಯನ್ನು ಮಾಲೀಕರ ಒಪ್ಪಿಗೆ ಪಡೆದ ಕೊಯ್ಲಾದ ಹೊಲದಲ್ಲಿ, ಬದುವಿನಿಂದಲೂ ಬಣವೆಯಿಂದಲೂ ದೂರ, ಬೆಳಕಿರುವಾಗಲೇ ಕಟ್ಟಬೇಕು. ಇಲಿ ಹುಡುಕಿ ಬರುವ ಕೊಳಕುಮಂಡಲದಂತಹ ವಿಷದ ಹಾವುಗಳು ಅಂಥ ಕಡೆ ಅಡಗಿರುತ್ತವೆ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬಾರದು, ಬೆಳಿಗ್ಗೆ ಬೂಟನ್ನು ಕೊಡವದೆ ತೊಡಬಾರದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು.