ಕೇಳುವ ಕಿವಿ, ಮೆಚ್ಚುವ ಕಣ್ಣು

ಯುವಕ ಸಂಘಗಳಿಗೂ ಮನೆಯ ಹಿರಿಯರಿಗೂ ಒಂದು ಪಾಠ



ಬೀಜ, ಗೊಬ್ಬರ, ನೀರು, ಔಷಧಿ ಇವುಗಳ ವಿಚಾರವನ್ನು ಈ ಪತ್ರಿಕೆಯಲ್ಲಿ ತಾವು ಓದುತ್ತಲೇ ಇದ್ದೀರಿ. ಈ ಸಲ ಇನ್ನೊಂದು ಬೆಳೆಯ ಮಾತು. ಆ ಬೆಳೆ ನಮ್ಮ ಮನೆಯ ಮಕ್ಕಳು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ಹಿರಿಯರು ಹೇಳುತ್ತಾರೆ. ಮಾತು ನಿಜ. ಆದರೆ ಗಿಡವನ್ನು ಬಗ್ಗಿಸುವವನ ಕೈಯೂ ಹದವಾಗಿರಬೇಕು. ಒರಟು ಕೈಗೆ ಗಿಡ ಬಗ್ಗುವುದಿಲ್ಲ, ಮುರಿಯುತ್ತದೆ.

ಹಳ್ಳಿಯಿಂದ ಹಳ್ಳಿಗೆ ತಿರುಗುವ ನಮ್ಮಂಥವರ ಕಿವಿಗೆ ಎರಡು ದೂರುಗಳು ಬೀಳುತ್ತಲೇ ಇರುತ್ತವೆ. ಜಗುಲಿಯ ಮೇಲೆ ಕುಳಿತ ಹಿರಿಯರು, “ಈಗಿನ ಹುಡುಗರು ಹೇಳಿದ ಮಾತು ಕೇಳುವುದಿಲ್ಲ, ದೊಡ್ಡವರು ಚಿಕ್ಕವರು ಎಂಬುದಿಲ್ಲ” ಎನ್ನುತ್ತಾರೆ. ಅರಳೀಕಟ್ಟೆಯ ಮೇಲೆ ಕುಳಿತ ಹುಡುಗರು, “ನಮ್ಮ ಮಾತನ್ನು ಮನೆಯಲ್ಲಿ ಯಾರು ಕೇಳುತ್ತಾರೆ?” ಎನ್ನುತ್ತಾರೆ. ಎರಡೂ ದೂರುಗಳ ಬೇರು ಒಂದೇ. ತನ್ನ ಮಾತಿಗೆ ಕಿವಿಗೊಟ್ಟವರನ್ನು ಕಂಡ ಮಗು ಕಿವಿಗೊಡುವುದನ್ನು ಕಲಿಯುತ್ತದೆ. ತನ್ನ ಕೆಲಸವನ್ನು ಮೆಚ್ಚಿದವರನ್ನು ಕಂಡ ಮಗು ಮೆಚ್ಚುವುದನ್ನು ಕಲಿಯುತ್ತದೆ. ಮರ್ಯಾದೆಯೂ ಹೀಗೆಯೇ. ಕೊಟ್ಟರೆ ಮಾತ್ರ ಬರುವ ಬೆಳೆ ಅದು.

ಈ ಪಾಠಕ್ಕೆ ದೂರದ ಊರಿನ ಪುಸ್ತಕ ಬೇಕಿಲ್ಲ. ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆಯವರಿಗೆ ಪಾಠ ಹೇಳುವ ಕಲ್ಲುಗಳು ಮನೆಯ ಬಾಗಿಲಲ್ಲೇ ಇವೆ.

1. ಕೇಳುವುದು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದನು. ಅದರ ಪಕ್ಕದಲ್ಲಿರುವ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ಜನ ಅದನ್ನು ಕಪ್ಪೆ ಚೆನ್ನಿಗರಾಯನ ಗುಡಿ ಎಂದು ಕರೆಯುತ್ತಾರೆ. ಏಕೆ ಆ ಹೆಸರು ಬಂತೆಂಬುದಕ್ಕೆ ಒಂದು ಕಥೆಯುಂಟು. ಕಥೆ ತಮಗೆ ಗೊತ್ತಿದ್ದದ್ದೇ. ಆದರೂ ಮಕ್ಕಳ ಪಾಠಕ್ಕಾಗಿ ಇನ್ನೊಮ್ಮೆ ಕೇಳಿರಿ.

ಜಕಣಾಚಾರಿ ಎಂಬ ಹೆಸರಾಂತ ಶಿಲ್ಪಿ ವಿಗ್ರಹವನ್ನು ಕೆತ್ತಿ ಮುಗಿಸಿದ್ದನಂತೆ. ಪರಊರಿನಿಂದ ಬಂದ ಒಬ್ಬ ಹುಡುಗ ಅದನ್ನು ನೋಡಿ, ಈ ಕಲ್ಲಿನಲ್ಲಿ ದೋಷವಿದೆ, ಇದು ಪ್ರತಿಷ್ಠೆಗೆ ಯೋಗ್ಯವಲ್ಲ ಎಂದನಂತೆ. ಜಕಣಾಚಾರಿಗೆ ಸಿಟ್ಟು ಬಂತು. ದೋಷವನ್ನು ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಎಲ್ಲರೆದುರು ಶಪಥ ಮಾಡಿದ. ಹುಡುಗ ಎದುರು ವಾದಿಸಲಿಲ್ಲ. ವಿಗ್ರಹದ ಮೈಗೆಲ್ಲ ಗಂಧವನ್ನು ಹಚ್ಚಿಸಿದ. ಗಂಧ ಎಲ್ಲ ಕಡೆಯೂ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ಒಳಗಿನ ಪೊಟರೆಯಿಂದ ನೀರೂ ಮರಳೂ ಒಂದು ಕಪ್ಪೆಯೂ ಹೊರಬಂದವು. ಜಕಣಾಚಾರಿ ಆಡಿದ ಮಾತಿನಂತೆ ಕೈ ಕಡಿದುಕೊಂಡ. ಆ ಮೇಲೆ ತಿಳಿಯಿತು, ಆ ಹುಡುಗ ತಾನು ಎಂದೂ ಕಣ್ಣಿಂದ ಕಾಣದ ತನ್ನ ಮಗನೇ, ಡಂಕಣಾಚಾರಿ. ಮುಂದೆ ತುಮಕೂರಿನ ಹತ್ತಿರದ ಕೈದಾಳದಲ್ಲಿ ದೇವರ ಗುಡಿಯನ್ನು ಕಟ್ಟಿ ಅವನು ಕೈಯನ್ನು ಮರಳಿ ಪಡೆದನೆಂದು ಆ ಊರಿನವರು ಹೇಳುತ್ತಾರೆ.

ಇದು ಜನರ ಬಾಯಲ್ಲಿ ಉಳಿದ ಕಥೆ, ಶಾಸನದ ಮಾತಲ್ಲ. ಹಾಗಿದ್ದರೂ ಇಷ್ಟು ಕಾಲ ಜನ ಇದನ್ನು ಮರೆಯದಿರುವುದಕ್ಕೆ ಕಾರಣವಿರಬೇಕು. ಸಾಮಾನ್ಯವಾಗಿ ಈ ಕಥೆಯನ್ನು ಹೇಳುವಾಗ ಹುಡುಗನ ಜಾಣತನವನ್ನು ಹೊಗಳಿ ಬಿಟ್ಟುಬಿಡುತ್ತೇವೆ. ಅದರಲ್ಲಿ ತಂದೆಗೂ ಪಾಠವಿದೆ. ಹುಡುಗ ಹೇಳಿದಾಗಲೇ, “ಹೌದೇನಪ್ಪಾ? ಎಲ್ಲಿ ತೋರಿಸು” ಎಂದು ಕೇಳಿದ್ದರೆ ಕಲ್ಲಿನ ದೋಷ ಕಲ್ಲಿನಲ್ಲೇ ಉಳಿಯುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಇನ್ನು ಹುಡುಗ ದೋಷವನ್ನು ಬಾಯಿಮಾತಿನಲ್ಲೇ ಸಾಧಿಸಲು ಹೋಗಲಿಲ್ಲ, ಎಲ್ಲರೂ ಕಣ್ಣಾರೆ ನೋಡುವಂತೆ ಪರೀಕ್ಷೆ ಮಾಡಿ ತೋರಿಸಿದ. ಚಿಕ್ಕವರು ದೊಡ್ಡವರ ತಪ್ಪನ್ನು ಹೇಳತಕ್ಕ ರೀತಿ ಇದು.

ಇದನ್ನೇ ನಮ್ಮ ತೆಂಗಿನ ತೋಟಕ್ಕೆ ತನ್ನಿರಿ. ದನ ಕಟ್ಟಲು ಹೋದ ಮಗ ಬಂದು, “ಅಪ್ಪಾ, ಆ ಮೂಲೆಯ ಮರದ ಬುಡದಲ್ಲಿ ಕೆಂಪಗೆ ಏನೋ ಸೋರುತ್ತಿದೆ” ಎನ್ನುತ್ತಾನೆ. “ನಿನಗೇನು ಗೊತ್ತು, ಹೋಗಿ ಓದಿಕೋ ಹೋಗು” ಎಂದರೆ ಮಾತು ಅಲ್ಲಿಗೆ ಮುಗಿಯಿತು. ಆ ಹುಡುಗ ಕಂಡದ್ದು ಕಾಂಡ ಸೋರುವ ರೋಗ. ಮೊದಮೊದಲು ಕಾಂಡದ ಬಿರುಕಿನಿಂದ ಕೆಂಪು ಕಂದು ಬಣ್ಣದ ರಸ ಇಳಿದು, ಒಣಗಿ ಕಪ್ಪಾಗುತ್ತದೆ. ಆಗಲೇ ನೋಡಿ, ಕೊಳೆತ ಭಾಗವನ್ನು ಉಳಿಯಿಂದ ಪೂರ್ತಿ ಕೆತ್ತಿ ತೆಗೆದು ಸುಟ್ಟು, ಗಾಯಕ್ಕೆ ಬೋರ್ಡೋ ಮುಲಾಮು ಬಳಿದು, ಬುಡದಲ್ಲಿ ನೀರು ನಿಲ್ಲದಂತೆ ಮಾಡಿ, ಬೇವಿನ ಹಿಂಡಿ ಕೊಟ್ಟರೆ ಮರವನ್ನು ಉಳಿಸಿಕೊಳ್ಳಬಹುದು. ತಡವಾದರೆ ಒಳಗಿನ ಕೊಳೆ ಮೇಲೇರಿ, ಗರಿ ಸಣ್ಣಗಾಗಿ, ಕಾಯಿ ಉದುರಿ, ಮರ ಸೊರಗುತ್ತದೆ. ಹತ್ತಾರು ವರ್ಷ ಫಸಲು ಕೊಡಬೇಕಾದ ಮರದ ಬೆಲೆ ಆ ಒಂದು ಮಾತಿನಲ್ಲಿತ್ತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಮುಂದಿನ ಸಲ ಏನನ್ನು ಕಂಡರೂ ಹುಡುಗ ಬಾಯಿ ಬಿಡುವುದಿಲ್ಲ.

ಕೇಳುವುದೂ ಉಳುವ ಹಾಗೆ ಕಲಿತು ಬರುವ ಕೆಲಸ. ಅದರ ರೀತಿ ಹೀಗಿದೆ:

(ಅ) ಮಾತಾಡುವವರ ಮುಖ ನೋಡಿರಿ. ಕೈಯಲ್ಲಿರುವ ಮೊಬೈಲನ್ನು ಕೆಳಗಿಡಿರಿ.

(ಆ) ಮಾತು ಮುಗಿಯುವ ತನಕ ನಡುವೆ ಬಾಯಿ ಹಾಕಬೇಡಿರಿ.

(ಇ) ಉತ್ತರ ಕೊಡುವ ಮೊದಲು, “ನೀವು ಹೇಳಿದ್ದು ಹೀಗೆ ತಾನೇ?” ಎಂದು ಅವರ ಮಾತನ್ನು ಅವರಿಗೇ ಒಪ್ಪಿಸಿರಿ. ಎಷ್ಟೋ ಜಗಳ ಇಲ್ಲಿಯೇ ನಿಲ್ಲುತ್ತದೆ.

(ಈ) ಒಪ್ಪಿಗೆಯಾಗದಿದ್ದರೆ ಸಿಟ್ಟಾಗದೆ, ಗಂಧ ಹಚ್ಚಿ ನೋಡಿರಿ. ಎಂದರೆ ಪರೀಕ್ಷೆ ಮಾಡಿರಿ. ಹೊಸ ತಳಿಯ ಮೇಲೆ ಮಗನಿಗೆ ನಂಬಿಕೆ, ಹಳೆಯದರ ಮೇಲೆ ತಂದೆಗೆ ನಂಬಿಕೆ ಇದ್ದರೆ ಹೊಲದ ಒಂದು ಮೂಲೆಯಲ್ಲಿ ಎರಡನ್ನೂ ಪಕ್ಕಪಕ್ಕ ಬಿತ್ತಿರಿ. ತೀರ್ಪನ್ನು ಸುಗ್ಗಿಯೇ ಹೇಳುತ್ತದೆ.

2. ಮೆಚ್ಚುವುದು

ಬೇಲೂರಿನ ಮದನಿಕೆಯರನ್ನು ನೋಡದವರು ನಮ್ಮಲ್ಲಿ ಕಡಿಮೆ. ಆದರೆ ಕೆಲವು ವಿಗ್ರಹಗಳಲ್ಲಿ ಕೆತ್ತಿದವರ ಹೆಸರೂ ಇದೆ ಎಂಬುದನ್ನು ಗಮನಿಸಿದವರು ಇನ್ನೂ ಕಡಿಮೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರುಗಳೂ ಅಲ್ಲಿ ಸಿಕ್ಕಿವೆ. ತಂದೆಯ ಕೆಲಸ ತಂದೆಯ ಹೆಸರಿನಲ್ಲಿ, ಮಗನ ಕೆಲಸ ಮಗನ ಹೆಸರಿನಲ್ಲಿ. ಮಗ ಮಾಡಿದ್ದೆಲ್ಲ ಮನೆಯ ಯಜಮಾನನ ಲೆಕ್ಕಕ್ಕೆ ಸೇರಲಿಲ್ಲ. ಒಂಬೈನೂರು ವರ್ಷದ ಮೇಲೂ ಚಾವಣ ಯಾರೆಂದು ನಮಗೆ ಗೊತ್ತಿರುವುದು ಇದರಿಂದಲೇ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರಿದೆ. ಅದೇ ಹೆಸರು ಸೋಮನಾಥಪುರದ ದೇವಾಲಯದಲ್ಲಿಯೂ ಮತ್ತೆ ಮತ್ತೆ ಕಾಣುತ್ತದೆ.

ಕೆಲಸ ಮಾಡಿದವನ ಹೆಸರನ್ನು ಹೇಳುವುದೇ ಮೆಚ್ಚುಗೆಯ ಮೊದಲನೆಯ ಅಕ್ಷರ. ನಮ್ಮ ಮನೆಗಳಲ್ಲಿ ನೋಡಿರಿ. ಬದು ಹಾಕಿದವನು ಮಗ, “ನಾವು ಬದು ಹಾಕಿಸಿದೆವು” ಎನ್ನುವವನು ತಂದೆ. ಹಸುವಿನ ಕೆಚ್ಚಲು ಬಾವನ್ನು ಮೊದಲು ಗುರುತಿಸಿದವಳು ಸೊಸೆ, ಹಾಲಿನ ಡೇರಿಯಲ್ಲಿ ಹೊಗಳಿಸಿಕೊಳ್ಳುವವನು ಗಂಡ. ಎರಡು ವರ್ಷ ಹೀಗೆ ದುಡಿದ ಹುಡುಗ ಬೆಂಗಳೂರಿನ ರೈಲು ಹತ್ತಿದರೆ, ಸಂಬಳದ ಆಸೆಯೊಂದೇ ಕಾರಣವೆಂದು ತಿಳಿಯಬೇಡಿರಿ. ಅಲ್ಲಿ ಅವನ ಕೆಲಸಕ್ಕೆ ಅವನದೇ ಒಂದು ಹೆಸರಿರುತ್ತದೆ.

ಮೆಚ್ಚುವುದೆಂದರೆ ಹೊಗಳುವುದಲ್ಲ. “ಭೇಷ್, ಚೆನ್ನಾಗಿದೆ” ಎಂಬುದು ಬಾಯಿಮಾತು. “ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದ್ದೀಯೆ, ಮೊನ್ನೆಯ ಮಳೆಗೆ ಮಣ್ಣು ಕೊಚ್ಚಿ ಹೋಗಲಿಲ್ಲ” ಎಂಬುದು ಮೆಚ್ಚುಗೆ. ಹೀಗೆ ಹೇಳಬೇಕಾದರೆ ಮೊದಲು ಹೋಗಿ ನೋಡಬೇಕು, ನಿಂತು ನೋಡಬೇಕು.

ನಿಂತು ನೋಡುವುದನ್ನು ಮಕ್ಕಳಿಗೆ ಕಲಿಸಲು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅದರ ತಳದ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ, ಹೀಗೆ ಸಾಲಿನ ಮೇಲೆ ಸಾಲು. ಎಲ್ಲಕ್ಕಿಂತ ಕೆಳಗಿರುವ ಆನೆ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಆದರೂ ಕೆತ್ತಿದವರು ಅದರಲ್ಲಿ ಕಳ್ಳತನ ಮಾಡಲಿಲ್ಲ. ಸೊಂಡಿಲು, ನಡಿಗೆ, ಗಂಟೆ ಸರಪಣಿಗಳಲ್ಲಿ ಒಂದಕ್ಕೊಂದು ವ್ಯತ್ಯಾಸ ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಮಕ್ಕಳ ಮನಸ್ಸೂ ಹಾಗೆಯೇ, ಕೆತ್ತುವ ಕಾಲದಲ್ಲಿ ಕೆತ್ತಬೇಕು.

3. ಮರ್ಯಾದೆ

ಮರ್ಯಾದೆ ಎಂದೊಡನೆ ದೊಡ್ಡವರ ಕಾಲಿಗೆ ಬೀಳುವುದು, ಅಧಿಕಾರಿ ಬಂದಾಗ ಎದ್ದು ನಿಲ್ಲುವುದು ಎಂದು ತಿಳಿಯುತ್ತೇವೆ. ನಿಜವಾದ ಪರೀಕ್ಷೆ ಬೇರೆ ಕಡೆ ಇದೆ. ಕಾಯಿ ಕೀಳಲು, ರಾಗಿ ಕೊಯ್ಯಲು ಬಂದ, ನಮ್ಮ ತಂದೆಯಷ್ಟೇ ವಯಸ್ಸಾದ ಆಳನ್ನು ಹತ್ತು ವರ್ಷದ ಹುಡುಗ ಹೆಸರು ಹಿಡಿದು “ಬಾರೋ, ಹೋಗೋ” ಎನ್ನುತ್ತಾನೆ. ಅವನಿಗೆ ಅದನ್ನು ಯಾರೂ ಕುಳ್ಳಿರಿಸಿ ಕಲಿಸಲಿಲ್ಲ, ಮನೆಯಲ್ಲಿ ಕೇಳಿ ಕಲಿತ. ಅದೇ ಹುಡುಗ ನಾಳೆ ತಂದೆಗೂ ಏಕವಚನದಲ್ಲಿ ಎದುರುತ್ತರ ಕೊಟ್ಟರೆ ಆಶ್ಚರ್ಯವೇನು? ಜಾತಿ ನೋಡಿ, ಜಮೀನು ನೋಡಿ ಮರ್ಯಾದೆ ಅಳೆಯುವುದನ್ನು ಕಲಿತವನು ಮುಂದೆ ತಂದೆಯನ್ನೂ ಅದೇ ಕೊಳಗದಲ್ಲಿ ಅಳೆಯುತ್ತಾನೆ.

ಆದುದರಿಂದ ವಯಸ್ಸಾದವರು ಯಾರೇ ಆಗಲಿ, ಯಾವ ಕೇರಿಯವರೇ ಆಗಲಿ, “ಬನ್ನಿ, ಕೂತುಕೊಳ್ಳಿ, ನೀರು ಕುಡೀರಿ” ಎನ್ನುವುದು ಮನೆಯ ರೂಢಿಯಾಗಲಿ. ಒಂದೇ ಲೋಟ, ಒಂದೇ ಜಗುಲಿ ಆಗಲಿ. ಅಣ್ಣಾ, ಅಕ್ಕಾ, ಅಜ್ಜಾ, ಅಜ್ಜೀ ಎಂಬ ಮಾತುಗಳಿಗೆ ಖರ್ಚಿಲ್ಲ.

ಕಲ್ಲಿಗೂ ಮರ್ಯಾದೆ ಉಂಟು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಸಂರಕ್ಷಿತ ಸ್ಮಾರಕಗಳ ಮೇಲೆ ಹೆಸರು ಗೀಚುವುದು, ಕೆಡಿಸುವುದು ಅಪರಾಧ. 1958ರ ಸ್ಮಾರಕ ಕಾನೂನು 2010ರಲ್ಲಿ ತಿದ್ದುಪಡಿಯಾಗಿ, ಎರಡು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಾಗಿದೆ. ಶಿಕ್ಷೆಯ ಭಯ ಒಂದು ಕಡೆ ಇರಲಿ. ಚಾವಣನು ವಿಗ್ರಹವನ್ನು ಕೆತ್ತಿದ ಮೇಲೆ ಹೆಸರು ಬರೆದ. ಏನನ್ನೂ ಕೆತ್ತದೆ ಬರೀ ಹೆಸರನ್ನು ಗೀಚುವುದು ಎಂಥ ಗೌರವ ಎಂದು ಹುಡುಗರನ್ನೇ ಕೇಳಿರಿ.

4. ಸಂಘದಲ್ಲಿ ಮಾಡಿ ನೋಡತಕ್ಕವು

ಓದಿ ಬಿಟ್ಟರೆ ಪಾಠ ನಿಲ್ಲುವುದಿಲ್ಲ. ಯುವಕ ಸಂಘ, ಯುವತಿ ಸಂಘಗಳು ಒಂದು ತಿಂಗಳ ಮಟ್ಟಿಗೆ ಹೀಗೆ ಮಾಡಲಿ.

ಮೊದಲನೆಯ ವಾರ: ಪ್ರತಿಯೊಬ್ಬರೂ ಊರಿನ ಒಬ್ಬ ಹಿರಿಯರ ಬಳಿ ಅರ್ಧ ಗಂಟೆ ಕುಳಿತು ಬರಬೇಕು. ಊರ ಕೆರೆ ಯಾವಾಗ ಕೋಡಿ ಬಿದ್ದಿತ್ತು, ಹಿಂದೆ ಯಾವ ರಾಗಿ ತಳಿ ಬಿತ್ತುತ್ತಿದ್ದರು ಎಂದು ಕೇಳಬೇಕು. ತಮ್ಮ ಅಭಿಪ್ರಾಯ ಹೇಳಬಾರದು. ಸಂಘದಲ್ಲಿ ಬಂದು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಬೇಕು.

ಎರಡನೆಯ ವಾರ: ಹಿರಿಯರ ಸರದಿ. ಒಂದು ಸಂಜೆ ಸಂಘದ ಹುಡುಗ ಹುಡುಗಿಯರು ಮಾತಾಡಲಿ, ಹಿರಿಯರು ನಡುವೆ ಮಾತಾಡದೆ ಕೇಳಲಿ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಗೆ ಇದು ಒಳ್ಳೆಯ ತಯಾರಿ. ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ಹುಡುಗಿಯೊಬ್ಬಳು ಎದ್ದು ಹೇಳಿದರೆ, ಅದನ್ನು ಬರೆದುಕೊಂಡು ಮುಂದಿನ ಸಭೆಯಲ್ಲಿ ಉತ್ತರ ಹೇಳುವುದು ದೊಡ್ಡವರು ತೋರಬೇಕಾದ ಮರ್ಯಾದೆ.

ಮೂರನೆಯ ವಾರ: ಮನೆಯಲ್ಲಿ ದಿನಕ್ಕೊಂದು ಕೆಲಸವನ್ನು ಗುರುತಿಸಿ, ಮಾಡಿದವರ ಹೆಸರು ಹಿಡಿದು ಮೆಚ್ಚಿ ಹೇಳಬೇಕು. ಎಲ್ಲರಿಗಿಂತ ಮೊದಲು ಏಳುವ ತಾಯಿಯಿಂದ ಇದು ಪ್ರಾರಂಭವಾಗಲಿ.

ನಾಲ್ಕನೆಯ ವಾರ: ಒಂದು ದಿನದ ಪ್ರವಾಸ. ಅರಸೀಕೆರೆಯಿಂದ ಬಾಣಾವರ, ಜಾವಗಲ್ಲು, ಹಳೇಬೀಡು ನೋಡಿಕೊಂಡು ಬೇಲೂರಿಗೆ ಹೋಗಬಹುದು. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. ಅಷ್ಟು ದೂರ ಆಗದಿದ್ದರೆ ಅರಸೀಕೆರೆಯಲ್ಲೇ ಸುಮಾರು 1220ರ ಶಿವಾಲಯವಿದೆ, ಅದರ ಮುಂದಿನ ನಕ್ಷತ್ರಾಕಾರದ ಮಂಟಪ ಬೇರೆಡೆ ಕಾಣಸಿಗುವುದು ಅಪರೂಪ. ಒಬ್ಬೊಬ್ಬರಿಗೆ ಒಂದೊಂದು ಆನೆಯನ್ನೋ ಕಂಬವನ್ನೋ ಹಂಚಿಕೊಡಿರಿ. ಮುಟ್ಟದೆ, ಫೋಟೋ ತೆಗೆಯದೆ, ಹತ್ತು ನಿಮಿಷ ನಿಂತು ನೋಡಲಿ. ಆಮೇಲೆ ಮರದ ನೆರಳಲ್ಲಿ ಕುಳಿತು, ತಾನು ಕಂಡದ್ದನ್ನು ಒಬ್ಬ ಹೇಳಲಿ, ಉಳಿದವರು ಕೇಳಲಿ. ಬುತ್ತಿಯ ಎಲೆ, ಕಾಗದಗಳನ್ನು ತಾವೇ ಎತ್ತಿ ತರಲಿ.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮಾತು ಬಲ್ಲವನಾಗಬೇಕಾದರೆ ಮೊದಲು ಕೇಳ ಬಲ್ಲವನಾಗಬೇಕು. ಬದುವಿನ ತಕರಾರು, ನೀರಿನ ಸರದಿಯ ಜಗಳ, ಅಣ್ಣತಮ್ಮಂದಿರ ಪಾಲು, ಇವೆಲ್ಲ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ಜಗುಲಿಯ ಮೇಲೆ ಒಮ್ಮೆ ತೀರಬಹುದಾಗಿದ್ದವು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನೋ ಮಗಳನ್ನೋ “ಇವತ್ತು ತೋಟದಲ್ಲಿ ಏನು ಕಂಡೆ?” ಎಂದು ಕೇಳಿರಿ. ಹೇಳಿ ಮುಗಿಸುವ ತನಕ ಸುಮ್ಮನಿರಿ.